ಯಾವ ಹೊಳೆಯ ಮರುವಾಯಿ ಎಂದು ಕೇಳಿದರೆ ಉತ್ತರ ಸಿಗುವ ಅಂಗಡಿ

ತುಮಕೂರಿನ ಶಿರಾ ಗೇಟ್ ಕಡೆಯ ಆ ಮೀನಿನಂಗಡಿಯ ಬಾಗಿಲಲ್ಲಿ ಒಂದು ಸ್ಲೇಟು ತೂಗುಹಾಕಿದ್ದಾರೆ. ಮರದ ಚೌಕಟ್ಟಿನ ಹಳೇ ಸ್ಲೇಟು. ಭಾನುವಾರ ಬೆಳಿಗ್ಗೆ ಹೋದರೆ ಅದರಲ್ಲಿ ಸೀಮೆಸುಣ್ಣದಲ್ಲಿ ಹೀಗೆ ಬರೆದಿರುತ್ತದೆ: 'ಮರುವಾಯಿ. ಉದ್ಯಾವರ ಹೊಳೆ. ಶನಿವಾರ ಬೆಳಿಗ್ಗೆ ತೆಗೆದದ್ದು.' ಬೆಲೆ ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ.

ಆ ಸ್ಲೇಟಿಗಾಗಿಯೇ ನಾನು ನಾಲ್ಕು ವರ್ಷದಿಂದ ಈ ಅಂಗಡಿಗೆ ಹೋಗುತ್ತಿದ್ದೇನೆ. ನಮ್ಮ ಮನೆ ಇರುವುದು ಕ್ಯಾತ್ಸಂದ್ರದಲ್ಲಿ, ಊರಿನ ಈ ತುದಿಯಿಂದ ಆ ತುದಿಗೆ ಬಂದ ಹಾಗೆ. ದಾರಿಯಲ್ಲಿ ಬೇರೆ ಮೀನಿನಂಗಡಿಗಳೂ ಇವೆ. "ಅಷ್ಟು ದೂರ ಯಾಕೆ ಹೋಗ್ತೀರಿ ಮೇಡಂ?" ಎಂದು ಸ್ಕೂಲಿನಲ್ಲಿ ಕೇಳುತ್ತಿರುತ್ತಾರೆ. ಸ್ಟಾಫ್ ರೂಮಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಯುವ ಮಾತಲ್ಲ. ಇಲ್ಲಿ ಬರೆಯುತ್ತೇನೆ.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಹುಟ್ಟಿ ಬೆಳೆದದ್ದು ಕಾಸರಗೋಡು ಕಡೆಯ ಕುಂಬಳೆ ಹತ್ತಿರ. ಮದುವೆಯಾಗಿ ತುಮಕೂರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಯಜಮಾನರ ಊರು ಗುಬ್ಬಿ ಕಡೆ. ಅವರ ಮನೆಯಲ್ಲಿ ಮೀನು ಅಂದರೆ ಕೆರೆ ಮೀನು. ಕಾಟ್ಲಾ, ರೋಹು, ಜಿಲೇಬಿ. ಮೊದಲ ಸಲ ನಾನು ತವರಿನಿಂದ ಮರುವಾಯಿ ತಂದು ಒಲೆಯ ಮೇಲಿಟ್ಟಾಗ ಅತ್ತೆ ಪಾತ್ರೆಯೊಳಗೆ ಇಣುಕಿ, "ಇದೇನವ್ವಾ, ಕಲ್ಲು ಬೇಯಿಸ್ತಾ ಇದೀಯ?" ಎಂದಿದ್ದರು. ಈಗ ಶನಿವಾರ ರಾತ್ರಿ ಅವರೇ ನೆನಪಿಸುತ್ತಾರೆ, "ನಾಳೆ ಚಿಪ್ಪು ತತ್ತೀಯೇನವ್ವಾ?"

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮರುವಾಯಿ ಅಂದರೆ ಎರಡು ಚಿಪ್ಪಿನ ನಡುವೆ ಬದುಕುವ ಸಣ್ಣ ಜೀವ. ಹೊಳೆ ಸಮುದ್ರ ಸೇರುವ ಅಳಿವೆಯ ಮರಳಲ್ಲಿ ಹೂತುಕೊಂಡಿರುತ್ತದೆ. ಕುಂದಾಪುರದವರು ಬಳಚು ಎನ್ನುತ್ತಾರೆ. ಇದರ ನೆಂಟ ಪಚ್ಚಿಲೆ, ಅದು ಬಂಡೆಗೆ ಅಂಟಿಕೊಂಡು ಬೆಳೆಯುತ್ತದೆ. ಎರಡೂ ಊಟ ಹುಡುಕಿಕೊಂಡು ಎಲ್ಲೂ ಹೋಗುವುದಿಲ್ಲ. ನೀರನ್ನು ಒಳಗೆ ಎಳೆದುಕೊಂಡು, ಸೋಸಿ, ಅದರಲ್ಲಿರುವ ಕಣ್ಣಿಗೆ ಕಾಣದ ಪಾಚಿಯನ್ನು ತಿಂದು, ನೀರನ್ನು ಹೊರಗೆ ಬಿಡುತ್ತವೆ. ಹಗಲು ರಾತ್ರಿ ಇದೇ ಕೆಲಸ. ಹಾಗಾಗಿ ಆ ನೀರಲ್ಲಿ ಏನಿದೆಯೋ ಅದೇ ಮರುವಾಯಿಯ ಹೊಟ್ಟೆಯಲ್ಲೂ ಇರುತ್ತದೆ.

ನನಗೆ ಇದು ಗೊತ್ತಾದದ್ದು ಪುಸ್ತಕದಿಂದಲ್ಲ. 1983ರಲ್ಲಿ ನನಗೆ ಎಂಟು ವರ್ಷ. ಆ ವರ್ಷ ಕುಂಬಳೆ ಹೊಳೆಯ ಮರುವಾಯಿ ತಿಂದು ಹಲವರು ಕಾಯಿಲೆ ಬಿದ್ದರು. ಒಬ್ಬ ಹುಡುಗ ತೀರಿಕೊಂಡ. ನಮ್ಮ ಮನೆಯಲ್ಲಿ ಅಮ್ಮ ಚಿಪ್ಪು ಬಿಡಿಸುವ ಮೆಟ್ಟುಕತ್ತಿಯನ್ನು ತೊಳೆದು ಅಟ್ಟದ ಮೇಲಿಟ್ಟರು. ಎರಡು ವರ್ಷ ಮರುವಾಯಿ ಒಳಗೆ ಬರಲಿಲ್ಲ. ದೊಡ್ಡವರು ಏನೇನೋ ಕಾರಣ ಹೇಳುತ್ತಿದ್ದರು. ಯಾರೋ ಹೊಳೆಗೆ ಮದ್ದು ಹಾಕಿದ್ದಾರೆ ಎಂದರು. ಹೊಳೆಗೆ ದೃಷ್ಟಿಯಾಗಿದೆ ಎಂದರು. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಇಂದ್ರಾಣಿ ಕರುಣಾಸಾಗರ್ ಮತ್ತು ಅವರ ಜೊತೆಯವರು ಇದನ್ನು ಪರೀಕ್ಷಿಸಿ 1984ರಲ್ಲಿ ಲೇಖನ ಬರೆದಿದ್ದರು ಎಂದು ನನಗೆ ತಿಳಿದದ್ದು ಬಿ.ಎಸ್ಸಿ. ಓದುವಾಗ. ಲೈಬ್ರರಿಯಲ್ಲಿ ಅದನ್ನು ಓದುತ್ತಾ ಕೂತವಳಿಗೆ ಆವತ್ತು ಊಟ ಸೇರಲಿಲ್ಲ. ಮದ್ದೂ ಅಲ್ಲ, ದೃಷ್ಟಿಯೂ ಅಲ್ಲ. ಅದು ಪ್ಯಾರಲಿಟಿಕ್ ಶೆಲ್‌ಫಿಶ್ ಪಾಯ್ಸನಿಂಗ್, ಅಂದರೆ ಚಿಪ್ಪಿನ ಜೀವಿಗಳನ್ನು ತಿಂದವರ ನರಗಳು ಸ್ತಬ್ಧವಾಗುವ ವಿಷ.

ಈ ವಿಷವನ್ನು ಮರುವಾಯಿ ತಯಾರಿಸುವುದಿಲ್ಲ. ತಯಾರಿಸುವುದು ಡೈನೋಫ್ಲಾಜೆಲೇಟ್ ಎನ್ನುವ ಒಂದೇ ಕೋಶದ ಜೀವಿಗಳ ಗುಂಪಿನಲ್ಲಿ ಕೆಲವು. ಅವುಗಳಲ್ಲಿ ಹೆಸರುವಾಸಿಯಾದದ್ದು ಅಲೆಕ್ಸಾಂಡ್ರಿಯಂ. ಯೂಸೆಫ್ ಹಲೀಮ್ ಎಂಬ ವಿಜ್ಞಾನಿ 1960ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನ ನೀರಲ್ಲಿ ಒಂದು ಜಾತಿಯನ್ನು ಗುರುತಿಸಿದರು. ಊರಿನ ಹೆಸರನ್ನೇ ಇಟ್ಟರು. ಅಲೆಕ್ಸಾಂಡ್ರಿಯಂ ಮಿನ್ಯೂಟಂ ಅದರ ಪೂರ್ತಿ ಹೆಸರು. ಮಿನ್ಯೂಟಂ ಅಂದರೆ ಪುಟ್ಟದು. ಅದರ ನಲವತ್ತು ಕೋಶಗಳನ್ನು ಸಾಲಾಗಿ ನಿಲ್ಲಿಸಿದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಆಗಬಹುದು, ಅಷ್ಟೇ.

ನಾನು ಮಕ್ಕಳಿಗೆ ಇದರ ಚಿತ್ರವನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಮೈಮೇಲೆ ಸಣ್ಣ ಸಣ್ಣ ತಟ್ಟೆಗಳನ್ನು ಜೋಡಿಸಿದ ಹಾಗೆ ಕವಚ. ಸೊಂಟದ ಸುತ್ತ ಒಂದು ಕಾಲುವೆ. ಆ ಕಾಲುವೆಯಲ್ಲಿ ಒಂದು ಎಳೆ ಬಾಲ, ಹಿಂದೆ ಇನ್ನೊಂದು. ಎರಡನ್ನೂ ಆಡಿಸುತ್ತಾ ಬುಗುರಿಯ ಹಾಗೆ ತಿರುಗುತ್ತಾ ಮುಂದೆ ಹೋಗುತ್ತದೆ. ಗಿಡದ ಹಾಗೆ ಬಿಸಿಲಿನಿಂದ ಅನ್ನ ಮಾಡಿಕೊಳ್ಳುತ್ತದೆ. ಕಾಲ ಸರಿಯಿಲ್ಲದಿದ್ದರೆ ಬೀಜದ ಹಾಗೆ ಗಟ್ಟಿ ಕೋಶವಾಗಿ ಕೆಸರಿಗೆ ಇಳಿದು ವರ್ಷಗಟ್ಟಲೆ ಮಲಗುತ್ತದೆ. ನೀರು, ಬಿಸಿ, ಬೆಳಕು ಹೊಂದಿಕೊಂಡಾಗ ಎದ್ದು ಬರುತ್ತದೆ. ನಮ್ಮ ಕಡೆ ಒಣಗಿದ ಕೆರೆಯಂಗಳದಲ್ಲಿ ಮಳೆ ಬಿದ್ದ ಕೂಡಲೇ ಹುಲ್ಲು ಬರುತ್ತದಲ್ವಾ, ಹಾಗೆ. ಈ ಹೋಲಿಕೆ ಕೊಟ್ಟರೆ ತುಮಕೂರಿನ ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ.

ಅದರ ವಿಷದ ಹೆಸರು ಸ್ಯಾಕ್ಸಿಟಾಕ್ಸಿನ್. ನಮ್ಮ ನರಗಳಲ್ಲಿ ಸೋಡಿಯಂ ಹೋಗಿಬರುವ ಸಣ್ಣ ಬಾಗಿಲುಗಳಿವೆ. ಸುದ್ದಿ ಸಾಗುವುದು ಆ ಬಾಗಿಲುಗಳಿಂದಲೇ. ಈ ವಿಷ ಹೋಗಿ ಆ ಬಾಗಿಲನ್ನು ಮುಚ್ಚಿಬಿಡುತ್ತದೆ. ಮೊದಲು ತುಟಿ, ನಾಲಿಗೆ ಜುಮುಜುಮು ಎನ್ನುತ್ತವೆ. ತಿಂದ ಅರ್ಧ ಗಂಟೆಯಲ್ಲೇ ಶುರುವಾಗಬಹುದು. ಆಮೇಲೆ ಬೆರಳ ತುದಿ. ವಿಷ ಜಾಸ್ತಿ ಇದ್ದರೆ ಕೈಕಾಲು ಸೋಲುತ್ತವೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಡಿಸುವ ಸ್ನಾಯುಗಳೂ ನಿಲ್ಲುತ್ತವೆ. ಇದಕ್ಕೆ ಪ್ರತಿವಿಷ ಇಲ್ಲ. ಆದರೆ ಯಂತ್ರದಿಂದ ಉಸಿರು ಕೊಡುತ್ತಾ ಒಂದೆರಡು ದಿನ ದಾಟಿಸಿದರೆ ದೇಹವೇ ಮೂತ್ರದಲ್ಲಿ ವಿಷವನ್ನು ಹೊರಹಾಕಿ ಮನುಷ್ಯ ಎದ್ದು ಕೂರುತ್ತಾನೆ. ಅದಕ್ಕೇ ಒತ್ತಿ ಹೇಳುತ್ತೇನೆ. ಚಿಪ್ಪಿನ ಊಟ ಮಾಡಿದ ಮೇಲೆ ತುಟಿ ಜುಮ್ಮೆಂದರೆ ಮಲಗಬೇಡಿ. ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೋಗಿ. ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ ಎಂದು ಡಾಕ್ಟರಿಗೆ ಮೊದಲೇ ಹೇಳಿ. ತುಮಕೂರಿನಂಥ ಒಳನಾಡಿನಲ್ಲಿ ಇದನ್ನು ನೋಡಿರುವ ಡಾಕ್ಟರು ಕಡಿಮೆ ಇರುತ್ತಾರೆ.

ಈಗ ಅಂಗಡಿಗೆ ಬರುತ್ತೇನೆ.

ಇದನ್ನು ನಡೆಸುವವರು ಗಂಡ ಹೆಂಡತಿ. ನಾನು ಅವರನ್ನು ಅಣ್ಣ, ಅತ್ತಿಗೆ ಎನ್ನುತ್ತೇನೆ. ಅಣ್ಣ ಕರಾವಳಿಯವರು, ಅತ್ತಿಗೆ ಇಲ್ಲೇ ಕೊರಟಗೆರೆ ಕಡೆಯವರು. ತೂಕ, ಲೆಕ್ಕ ಅತ್ತಿಗೆಯದು. ಕತ್ತರಿಸುವುದು, ಮಾಲು ತರಿಸುವುದು ಅಣ್ಣನದು. ಬೋರ್ಡಿನ ಮೇಲೆ 'ಫ್ರೆಶ್ ಸಮುದ್ರ ಮೀನು' ಎಂದಷ್ಟೇ ಇದೆ, ಬೇರೆ ಹೆಸರಿಲ್ಲ. ಕರಾವಳಿಯಿಂದ ರಾತ್ರಿ ಹೊರಟ ಗಾಡಿ ಬೆಳಿಗ್ಗೆ ಐದೂವರೆಗೆ ಮಾಲು ಇಳಿಸುತ್ತದೆ. ಮೀನು ಐಸಿನ ಪೆಟ್ಟಿಗೆಯಲ್ಲಿ ಬರುತ್ತದೆ. ಮರುವಾಯಿ ಮಾತ್ರ ಒದ್ದೆ ಗೋಣಿಚೀಲದಲ್ಲಿ. ಅದನ್ನು ಐಸಿನೊಳಗೆ ಹೂಳುವುದಿಲ್ಲ, ಮೇಲೆ ಹಲಗೆ ಇಟ್ಟು ಅದರ ಮೇಲಿಡುತ್ತಾರೆ. ಐಸು ಕರಗಿದ ಸಿಹಿ ನೀರಲ್ಲಿ ನೆನೆದರೆ ಮರುವಾಯಿ ಸಾಯುತ್ತದೆ. ಇದು ಗೊತ್ತಿರುವವರು ಮಾತ್ರ ಹೀಗೆ ಇಡುತ್ತಾರೆ. ಒಂದು ಬೊಗಸೆ ತೆಗೆದು ಬಟ್ಟಲಿಗೆ ಹಾಕಿ ಅಲುಗಿಸಿ ತೋರಿಸುತ್ತಾರೆ. ಬಾಯಿ ತೆರೆದದ್ದು ಬಡಿದ ಕೂಡಲೇ ಮುಚ್ಚಿಕೊಂಡರೆ ಜೀವ ಇದೆ. ಮುಚ್ಚದಿದ್ದರೆ ಅವರೇ ಆರಿಸಿ ಪಕ್ಕದ ಬಕೆಟ್ಟಿಗೆ ಹಾಕುತ್ತಾರೆ. ಸತ್ತದ್ದನ್ನು ತೂಕಕ್ಕೆ ಸೇರಿಸಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ.

ಆದರೆ ಜೀವ ಇದೆ ಎಂದ ಮಾತ್ರಕ್ಕೆ ವಿಷ ಇಲ್ಲ ಎಂದಲ್ಲ. ನನ್ನ ಇಡೀ ಮಾತು ನಿಂತಿರುವುದು ಇದರ ಮೇಲೆ. ವಿಷ ತುಂಬಿಕೊಂಡ ಮರುವಾಯಿಯೂ ಚುರುಕಾಗಿಯೇ ಇರುತ್ತದೆ. ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗುವುದಿಲ್ಲ. ಹಾಗಾಗಿ ಫ್ರೆಶ್ ಇದೆಯಾ ಎಂದು ಕೇಳಿದರೆ ಸಾಲದು. ಯಾವ ನೀರಿನದು, ಯಾವ ದಿನ ತೆಗೆದದ್ದು ಎಂದು ಕೇಳಬೇಕು.

ಬೇರೆ ಕಡೆ ಕೇಳಿ ನೋಡಿದ್ದೇನೆ. ಊರಿನ ಇನ್ನೊಂದು ಅಂಗಡಿಯಲ್ಲಿ "ಸಮುದ್ರದ್ದು ಮೇಡಂ" ಎಂದರು. ಯಾವ ಕಡೆಯ ಸಮುದ್ರ ಎಂದರೆ "ಮಂಗ್ಳೂರು" ಎಂದರು. ಯಾವತ್ತು ತೆಗೆದದ್ದು ಎಂದರೆ "ನೀವು ಬಿಸಿ ಮಾಡಿದ್ರೆ ಎಲ್ಲಾ ಹೋಗುತ್ತೆ" ಎಂದರು. ಹೋಗುವುದಿಲ್ಲ. ಈ ವಿಷ ಕುದಿಸಿದರೆ ಸಾಯುವ ಕ್ರಿಮಿಯಲ್ಲ. ಬೇಯಿಸಿದರೂ ಇರುತ್ತದೆ, ಫ್ರೀಜರಿನಲ್ಲಿಟ್ಟರೂ ಇರುತ್ತದೆ. ಬೇಯಿಸಿದಾಗ ಒಂದಿಷ್ಟು ಬಿಟ್ಟುಕೊಂಡು ರಸಕ್ಕೆ ಸೇರುತ್ತದೆ, ಆ ರಸವನ್ನೇ ನಾವು ಸಾರು ಮಾಡಿ ಕುಡಿಯುತ್ತೇವೆ. ಹುಣಸೆಹುಳಿ ಜಾಸ್ತಿ ಹಾಕಿದರೆ ನಂಜು ಮುರಿಯುತ್ತದೆ ಎಂದು ನಮ್ಮ ಕಡೆಯೂ ಕೆಲವರು ಹೇಳುತ್ತಿದ್ದರು. ಹುಳಿಯಲ್ಲಿ ಸ್ಯಾಕ್ಸಿಟಾಕ್ಸಿನ್ ಇನ್ನೂ ಗಟ್ಟಿಯಾಗಿ ಉಳಿಯುತ್ತದೆ.

ಇದು ಎಲ್ಲೋ ದೂರದ ದೇಶದ ಸುದ್ದಿ ಎಂದುಕೊಳ್ಳಬೇಡಿ. 1981ರಲ್ಲಿ ತಮಿಳುನಾಡಿನ ವಾಯಲೂರಿನಲ್ಲಿ ಮರುವಾಯಿ ತಿಂದ 85 ಜನ ಆಸ್ಪತ್ರೆ ಸೇರಿದರು, ಮೂವರು ತೀರಿಕೊಂಡರು. 1997ರಲ್ಲಿ ಕೇರಳದ ವಿಳಿಂಜಂ ಕಡೆ ಪಚ್ಚಿಲೆ ತಿಂದು ಏಳು ಜನ ಹೋದರು. ಆಸ್ಪತ್ರೆ ಸೇರಿದವರು ಸುಮಾರು 500. ನಡುವೆ 1983ರಲ್ಲಿ ನಮ್ಮ ಕುಂಬಳೆ.

ಈ ಅಂಗಡಿಯ ಮೇಲೆ ನನಗೆ ಪೂರ್ತಿ ನಂಬಿಕೆ ಬಂದದ್ದು ಒಂದು ಭಾನುವಾರ. ಎರಡು ವರ್ಷದ ಹಿಂದಿನ ಮಾತು, ದಸರಾ ಕಳೆದಿತ್ತು. ಮನೆಗೆ ನಾದಿನಿ ಮಕ್ಕಳು ಬರುವವರಿದ್ದರು. ಎರಡು ಕಿಲೋ ಬೇಕು ಎಂದು ಶುಕ್ರವಾರವೇ ಫೋನ್ ಮಾಡಿ ಹೇಳಿದ್ದೆ. ಭಾನುವಾರ ಬೆಳಿಗ್ಗೆ ಹೋದರೆ ಸ್ಲೇಟು ಖಾಲಿ. ಅಣ್ಣ ನನ್ನನ್ನು ನೋಡಿ ತುಳುವಿನಲ್ಲೇ ಹೇಳಿದರು, "ಇನಿ ಮರುವಾಯಿ ಬೊಡ್ಚಿ ಟೀಚರೆ." ಇವತ್ತು ಮರುವಾಯಿ ಬೇಡ ಟೀಚರೇ.

ಮಾಲು ಬಂದಿಲ್ವಾ ಎಂದೆ. ಬರುವುದಿತ್ತು, ನಾನೇ ಬೇಡ ಎಂದೆ ಎಂದರು. ಮರುವಾಯಿ ಹೆಕ್ಕುವ ಹೆಂಗಸು ಶನಿವಾರ ಫೋನಿನಲ್ಲಿ, "ಅಳಿವೆಯಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿದೆ, ಸಣ್ಣ ಮೀನು ಸತ್ತು ತೇಲ್ತಾ ಇದೆ" ಎಂದರಂತೆ. ಅದು ಏನು ಎಂದು ಅಣ್ಣನಿಗೆ ಗೊತ್ತಿರಲಿಲ್ಲ. ನೀರಲ್ಲಿ ಉಸಿರು ಕಡಿಮೆಯಾಗಿಯೂ ಮೀನು ಸಾಯಬಹುದು, ಬಣ್ಣ ತಿರುಗಿದ ನೀರೆಲ್ಲಾ ವಿಷವೂ ಅಲ್ಲ. ಆದರೂ ಅವರು ಹದಿನೈದು ಕಿಲೋದ ಆರ್ಡರ್ ಬಿಟ್ಟುಕೊಟ್ಟರು. ಹೆಕ್ಕುವ ಹೆಂಗಸಿಗೆ ಅರ್ಧ ದುಡ್ಡು ಕೊಟ್ಟರು ಎಂದು ಆಮೇಲೆ ಅತ್ತಿಗೆ ಹೇಳಿದರು. "ಆಕೆ ಸುಳ್ಳು ಹೇಳಿ ಮಾರಬಹುದಿತ್ತಲ್ವಾ ಅಕ್ಕ, ಹೇಳಲಿಲ್ಲ. ಆಕೆಗೂ ಮನೆ ನಡೀಬೇಕು." ಮೂರು ವಾರ ಸ್ಲೇಟು ಖಾಲಿಯೇ ಇತ್ತು. ನಾನು ಆವತ್ತು ಸಿಗಡಿ ತಂದು ಗಸಿ ಮಾಡಿದೆ.

ಬಣ್ಣದ ವಿಷಯ ಇನ್ನೊಂದಿಷ್ಟು ಹೇಳಬೇಕು. ನೀರು ಕೆಂಪಾದರೆ ಮಾತ್ರ ಅಪಾಯ ಎಂದು ಹಲವರು ನಂಬಿದ್ದಾರೆ. ಅಲೆಕ್ಸಾಂಡ್ರಿಯಂ ಅಷ್ಟು ದಟ್ಟವಾಗಿ ಬೆಳೆಯಬೇಕಾಗಿಲ್ಲ. ನೀರು ತಿಳಿಯಾಗಿ ಕಾಣುವಷ್ಟು ಕಡಿಮೆ ಇದ್ದಾಗಲೂ ಚಿಪ್ಪಿನೊಳಗೆ ವಿಷ ಸೇರಿಕೊಳ್ಳಬಲ್ಲದು. ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. 2020ರಲ್ಲಿ ನಮ್ಮ ಕರಾವಳಿಯಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದದ್ದನ್ನು ಫೋನಿನಲ್ಲಿ ನೀವೂ ನೋಡಿರಬಹುದು. ಅದು ನಾಕ್ಟಿಲೂಕ, ಇದೇ ಡೈನೋಫ್ಲಾಜೆಲೇಟ್ ಗುಂಪಿನದು. ಎಷ್ಟು ಹೊಳೆದರೂ ಸ್ಯಾಕ್ಸಿಟಾಕ್ಸಿನ್ ಮಾಡುವುದಿಲ್ಲ. ಹೊಳೆಯುವುದು ವಿಷವಲ್ಲ, ವಿಷ ಇರುವುದು ಕಾಣುವುದಿಲ್ಲ.

ಹಾಗಾದರೆ ಅಣ್ಣನ ಸ್ಲೇಟಿನಿಂದ ಏನು ಉಪಯೋಗ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸ್ಲೇಟು ವಿಷವನ್ನು ಅಳೆಯುವುದಿಲ್ಲ. ಅಳೆಯಲು ಲ್ಯಾಬು ಬೇಕು. 100 ಗ್ರಾಂ ಮಾಂಸದಲ್ಲಿ 80 ಮೈಕ್ರೋಗ್ರಾಂ ಸ್ಯಾಕ್ಸಿಟಾಕ್ಸಿನ್ ದಾಟಬಾರದು ಎಂಬ ಮಿತಿ ಇದೆ. ಒಂದು ಮೈಕ್ರೋಗ್ರಾಂ ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಯಾವ ಅಂಗಡಿಯವರ ಕಣ್ಣಿಗೂ ಕೈಗೂ ಅದು ಸಿಗುವುದಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಉಪಗ್ರಹದ ಚಿತ್ರ ನೋಡಿ ಸಮುದ್ರದಲ್ಲಿ ಪಾಚಿ ಹೆಚ್ಚಿರುವ ಕಡೆಯ ಮಾಹಿತಿ ಕೊಡುತ್ತದೆ. ಒಳ್ಳೆಯ ಕೆಲಸ. ಆದರೆ ಮೇಲಿನಿಂದ ಕಾಣುವುದು ದಟ್ಟವಾಗಿ ಹಬ್ಬಿದ್ದು, ನಾನು ಹೆದರುವುದು ತೆಳ್ಳಗಿರುವುದಕ್ಕೆ. ಕರಾವಳಿಯಲ್ಲಾದರೆ ಹೊಳೆ ಕಣ್ಣೆದುರಿಗೇ ಇರುತ್ತದೆ, ಯಾರಿಗಾದರೂ ಹುಷಾರು ತಪ್ಪಿದರೆ ಸಂಜೆಯೊಳಗೆ ಊರಿಗೆಲ್ಲಾ ಗೊತ್ತಾಗುತ್ತದೆ. ಮುನ್ನೂರು ಕಿಲೋಮೀಟರ್ ದೂರದ ತುಮಕೂರಿನಲ್ಲಿ ಕೂತ ನಮಗೆ ಆ ಸುದ್ದಿ ಬರುವುದಿಲ್ಲ. ಹೊಳೆಯ ಹೆಸರು, ತೆಗೆದ ದಿನ ಗೊತ್ತಿದ್ದರೆ ನಾನೇ ತವರಿಗೆ ಫೋನ್ ಮಾಡಿ ವಿಚಾರಿಸಬಹುದು. ನಾಳೆ ಏನಾದರೂ ಆದರೆ ಯಾವ ಚೀಲ, ಯಾರ್ಯಾರು ಕೊಂಡರು ಎಂದು ಹಿಂದೆ ಹೋಗಿ ಹುಡುಕಬಹುದು. ಸ್ಲೇಟು ಇರುವುದು ಅದಕ್ಕೆ.

ಈ ಕಾರಣಕ್ಕೇ ನನಗೆ ಒಂದು ಕೊರತೆ ಕಾಣುತ್ತದೆ. ಸ್ಲೇಟನ್ನು ಮಧ್ಯಾಹ್ನ ಒರೆಸಿಬಿಡುತ್ತಾರೆ. ಬಿಲ್ಲು ಕೊಡುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಹೊಳೆ, ತಾರೀಖು, ಎಷ್ಟು ಕಿಲೋ ಬಂತು ಎಂದು ಬರೆದಿಡಿ ಅಣ್ಣ ಎಂದು ಮೂರು ಸಲ ಹೇಳಿದ್ದೇನೆ. ಹೋದ ತಿಂಗಳು ಇನ್ನೂರು ಪೇಜಿನ ನೋಟ್‌ಬುಕ್ ನಾನೇ ಕೊಂಡು ಕೊಟ್ಟೆ. ಅತ್ತಿಗೆ ಬರೆಯಲು ಶುರು ಮಾಡಿದ್ದಾರೆ, ನಡುವೆ ಎರಡು ಭಾನುವಾರ ಬಿಟ್ಟುಹೋಗಿದೆ. ಬಿಡದೆ ಬರೆಯಬೇಕು.

ಬೆಲೆ ಚಿಪ್ಪಿನ ಸಮೇತ ಕಿಲೋಗೆ 240 ರೂಪಾಯಿ. ಊರಿಗಿಂತ ಜಾಸ್ತಿಯೇ. ದಾರಿ ಖರ್ಚು, ಸತ್ತದ್ದು ಬಿಸಾಡುವ ನಷ್ಟ ಸೇರಿದರೆ ನನಗೆ ದುಬಾರಿ ಅನ್ನಿಸಿಲ್ಲ. ಗಾಡಿ ನಿಲ್ಲಿಸಲು ಜಾಗ ಇಲ್ಲ, ಮುಂದಿನ ಚರಂಡಿ ಮಳೆ ಬಂದರೆ ತುಂಬಿ ಹರಿಯುತ್ತದೆ. ಭಾನುವಾರ ಒಂಬತ್ತರ ಮೇಲೆ ಹೋದರೆ ಮೀನು ಕತ್ತರಿಸಿಕೊಳ್ಳಲು ಮುಕ್ಕಾಲು ಗಂಟೆ ಕಾಯಬೇಕು. ಕತ್ತರಿಸುವವರು ಅಣ್ಣ ಒಬ್ಬರೇ.

ಇನ್ನೊಂದು ವಿಷಯಕ್ಕೂ ಈ ಅಂಗಡಿಯನ್ನು ಮೆಚ್ಚುತ್ತೇನೆ. ದೊಡ್ಡ ರೆಡ್ ಸ್ನ್ಯಾಪರ್ ತಲೆಗಳನ್ನು ಅಗ್ಗಕ್ಕೆ ತಂದು ಮಾರುವುದಿಲ್ಲ. 2016ರಲ್ಲಿ ಮಂಗಳೂರು ಹತ್ತಿರ ಇಂಥ ತಲೆಗಳ ಸಾರು ಉಂಡು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದಿದ್ದರು. ಅದೂ ಒಂದು ಡೈನೋಫ್ಲಾಜೆಲೇಟಿನ ವಿಷವೇ, ಆದರೆ ಬೇರೆ ಜಾತಿಯದು, ಗ್ಯಾಂಬಿಯರ್‌ಡಿಸ್ಕಸ್. ಹವಳದ ದಿಬ್ಬಗಳಲ್ಲಿ ಪಾಚಿಯ ಜೊತೆ ಬೆಳೆಯುತ್ತದೆ. ಸಣ್ಣ ಮೀನು ಪಾಚಿ ತಿನ್ನುತ್ತದೆ, ಅದನ್ನು ದೊಡ್ಡ ಮೀನು ತಿನ್ನುತ್ತದೆ. ವಿಷ ಒಟ್ಟುಗೂಡುತ್ತಾ ಹೋಗುತ್ತದೆ, ತಲೆ ಮತ್ತು ಕರುಳಲ್ಲಿ ಹೆಚ್ಚು. ಆ ಕಾಯಿಲೆ ಬಂದವರಿಗೆ ತಣ್ಣೀರು ಮುಟ್ಟಿದರೆ ಸುಟ್ಟ ಹಾಗಾಗುತ್ತದೆ. ಅಣ್ಣನಿಗೆ ಈ ಹೆಸರುಗಳೆಲ್ಲಾ ಗೊತ್ತಿಲ್ಲ. ಊರಿನ ಸುದ್ದಿ ಕೇಳಿ ಆವತ್ತಿನಿಂದ ನಿಲ್ಲಿಸಿದ್ದಾರೆ.

ಕೊಂಡುಹೋಗುವವರಿಗೆ: ಮನೆಗೆ ತಂದ ಮೇಲೆ ಉಪ್ಪು ಹಾಕಿದ ನೀರಲ್ಲಿ ಎರಡು ಗಂಟೆ ಬಿಡಿ, ಮರಳು ಕಾರಿಕೊಳ್ಳುತ್ತದೆ. ಮೆಟ್ಟುಕತ್ತಿ ಇಲ್ಲದವರು ಸ್ವಲ್ಪ ನೀರಲ್ಲಿ ಮುಚ್ಚಿ ಬೇಯಿಸಿ, ಬಾಯಿ ಬಿಡುತ್ತದೆ. ಬಿಡದೇ ಇರುವುದನ್ನು ಎಸೆಯಿರಿ. ಒಂದು ಚಿಪ್ಪು ತೆಗೆದು, ಮಾಂಸ ಅಂಟಿಕೊಂಡಿರುವ ಚಿಪ್ಪನ್ನು ಹಾಗೇ ಇಟ್ಟು, ಹುರಿದ ಮಸಾಲೆ ಮತ್ತು ತೆಂಗಿನತುರಿ ಹಾಕಿ ಸುಕ್ಕ ಮಾಡಿ. ನಮ್ಮನೆಯಲ್ಲಿ ಅತ್ತೆ ಇದನ್ನು ರಾಗಿಮುದ್ದೆ ಜೊತೆ ತಿನ್ನುತ್ತಾರೆ. ಅಮ್ಮ ಇದ್ದಿದ್ದರೆ ಅಕ್ಕಿಯ ಪುಂಡಿ ಕಡುಬೇ ಬೇಕು ಎನ್ನುತ್ತಿದ್ದರು.

ಅಂಗಡಿ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ, ಸೋಮವಾರ ರಜೆ. ಮರುವಾಯಿ ಭಾನುವಾರ ಮಾತ್ರ, ಅದೂ ಇದ್ದರೆ. ಮೊದಲು ಸ್ಲೇಟು ನೋಡಿ. ಖಾಲಿ ಇದ್ದರೆ ಬಂಗುಡೆ ತೆಗೆದುಕೊಂಡು ಬನ್ನಿ, ಅದೂ ಚೆನ್ನಾಗಿರುತ್ತದೆ.